ಒತ್ತುವ ಸ್ವಿಚ್ಚು: ಲೋಹಾರ್ ಚಾಳಿನಲ್ಲಿ ದುಡ್ಡು ಕೊಡುವ ಮೊದಲು

ಮುಂಬಯಿಯ ಲೋಹಾರ್ ಚಾಳಿನ ಅಂಗಡಿಗಳಲ್ಲಾಗಲಿ, ಪುಣೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಾಗಲಿ, ದೀಪದ ಸ್ವಿಚ್ಚು ಕೇಳಿದರೆ ಈಗ ಒತ್ತುವ ಬಗೆಯದ್ದನ್ನೂ ತೆಗೆದು ಮುಂದಿಡುತ್ತಾರೆ. ನೋಡಲು ಚೆನ್ನಾಗಿದೆ. ಪಿಯಾನೋ ಸ್ವಿಚ್ಚಿನಂತೆ ಒಂದು ಬದಿ ತಗ್ಗಿ ಇನ್ನೊಂದು ಬದಿ ಏಳುವುದಿಲ್ಲ, ಪ್ಲೇಟು ಸಪಾಟಾಗಿ ಕಾಣುತ್ತದೆ, ಒರೆಸುವುದೂ ಸುಲಭ. ಡೊಂಬಿವಲಿ, ಮುಲುಂಡ್ ಕಡೆ ಹಳೆಯ ಫ್ಲ್ಯಾಟಿನ ವಯರಿಂಗ್ ಹೊಸದು ಮಾಡಿಸುವವರು ಪ್ಲೇಟಿನ ಅಂದ ನೋಡಿಯೇ ಇದನ್ನು ಆರಿಸುತ್ತಾರೆ. ಆದರೆ ‘ಪುಶ್ ಸ್ವಿಚ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಸಾಮಾನು ಮಾರಾಟವಾಗುತ್ತಿದೆ. ಬೆಲ್ ಪುಶ್ (ಕರೆಗಂಟೆಯ ಗುಂಡಿ) ಮತ್ತು ಇಂಪಲ್ಸ್ ರಿಲೇ (ಗುಂಡಿಯ ಪ್ರತಿ ಒತ್ತಿಗೂ ದೀಪವನ್ನು ಒಮ್ಮೆ ಹಚ್ಚಿ ಒಮ್ಮೆ ಆರಿಸುವ ಸಾಧನ) ಜೋಡಿಯನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಒತ್ತಿದರೆ ಹಚ್ಚಿ ಮತ್ತೆ ಒತ್ತಿದರೆ ಆರಿಸುವ ಮೆಕ್ಯಾನಿಕಲ್ ಸ್ವಿಚ್ಚನ್ನು ಪರೀಕ್ಷಿಸದೆ ಕೊಳ್ಳಬಾರದು. ಒಳಗಿನ ಸರ್ಕ್ಯೂಟೇ ದೀಪ ಹಚ್ಚಿ ಆರಿಸುವ ಎಲೆಕ್ಟ್ರಾನಿಕ್ ಸ್ವಿಚ್ಚು ಅಗತ್ಯ ಇದ್ದವರಿಗೆ ಮಾತ್ರ.

ಮೊದಲು ಮೆಕ್ಯಾನಿಕಲ್ ಬಗೆಯದ್ದು, ಏಕೆಂದರೆ ಹೆಚ್ಚು ತಕರಾರು ಇರುವುದು ಇದರಲ್ಲೇ. ಬಿಚ್ಚಿ ನೋಡಿದರೆ ಒಳಗೆ ಎರಡರಲ್ಲಿ ಒಂದು ಏರ್ಪಾಡು ಇರುತ್ತದೆ. ಒಂದರಲ್ಲಿ ಗುಂಡಿಯ ಕೆಳಗೆ ಹೃದಯದ ಆಕಾರದ ತೋಡು ಕೊರೆದು, ಅದರೊಳಗೆ ತೆಳ್ಳಗಿನ ಉಕ್ಕಿನ ಕಡ್ಡಿಯ ತುದಿ ಓಡಾಡುವಂತೆ ಮಾಡಿರುತ್ತಾರೆ. ಒತ್ತಿದಾಗ ಕಡ್ಡಿ ತೋಡಿನ ಒಂದು ಪಕ್ಕದಿಂದ ಹೋಗಿ ನಡುವಿನ ಕಚ್ಚಿನಲ್ಲಿ ಕೂರುತ್ತದೆ. ಮತ್ತೆ ಒತ್ತಿದರೆ ಇನ್ನೊಂದು ಪಕ್ಕದಿಂದ ಜಾರಿ ಹೊರಬರುತ್ತದೆ. ಬಾಲ್‌ಪೆನ್ನಿನ ತಲೆ ಒತ್ತಿದಾಗ ಆಗುವುದೂ ಇಂಥದ್ದೇ. ಇನ್ನೊಂದು ಏರ್ಪಾಡಿನಲ್ಲಿ ಗುಂಡಿ ಯಾವಾಗಲೂ ಪ್ಲೇಟಿನ ಮಟ್ಟಕ್ಕೇ ಮರಳುತ್ತದೆ. ಅದರಡಿಯಲ್ಲಿ ಅತ್ತಿತ್ತ ವಾಲುವ ಸಣ್ಣ ತೋಳೊಂದಿದ್ದು, ಒಳಗೆ ತಕ್ಕಡಿಯಂತೆ ಆಡುವ ರಾಕರಿನ ಎದ್ದ ಬದಿಯನ್ನು ಪ್ರತಿ ಸಲವೂ ತಾನೇ ಹುಡುಕಿ ತಳ್ಳುತ್ತದೆ. ಈ ಎರಡನೆಯದು ಹೆಚ್ಚು ದಿನ ಬಾಳುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮೊದಲನೆಯದರಲ್ಲಿ ಇಡೀ ಭಾರ ಬೀಳುವುದು ಪ್ಲಾಸ್ಟಿಕ್ ಕಚ್ಚಿನ ಒಂದು ಅಂಚಿನ ಮೇಲೆ. ಅದು ಸವೆದು ದುಂಡಗಾದ ದಿನ ಗುಂಡಿ ನಿಲ್ಲದೆ ವಾಪಸು ಬರಲು ಶುರುವಾಗುತ್ತದೆ. ರಿಪೇರಿ ಇಲ್ಲ, ಬದಲಿಸಲೇಬೇಕು.

ಆದರೆ ಸ್ವಿಚ್ಚಿನ ಆಯುಷ್ಯ ತೀರ್ಮಾನವಾಗುವುದು ಗುಂಡಿಯಲ್ಲಿ ಅಲ್ಲ, ಕಾಂಟ್ಯಾಕ್ಟಿನಲ್ಲಿ, ಅಂದರೆ ಒಂದಕ್ಕೊಂದು ತಾಗಿ ಕರೆಂಟು ಹರಿಸುವ ಲೋಹದ ಬಿಂದುಗಳಲ್ಲಿ. ಬೆರಳು ನಿಧಾನವಾಗಿ ಒತ್ತಿದರೂ ಕಾಂಟ್ಯಾಕ್ಟ್ ಮಾತ್ರ ಫಟ್ಟನೆ ಸೇರಬೇಕು, ಫಟ್ಟನೆ ಬಿಡಬೇಕು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾನ್ ಹೆನ್ರಿ ಹೋಮ್ಸ್ 1884ರಲ್ಲಿ ಮಾಡಿದ ಕ್ವಿಕ್ ಬ್ರೇಕ್ ಸ್ವಿಚ್ಚಿನ ತತ್ವ ಇದೇ, ಇಂದಿಗೂ ಬದಲಾಗಿಲ್ಲ. ನಮ್ಮ 50 ಹರ್ಟ್ಸ್ ಕರೆಂಟು ಸೆಕೆಂಡಿಗೆ 100 ಸಲ ಶೂನ್ಯಕ್ಕೆ ಇಳಿಯುತ್ತದೆ. ಅಷ್ಟರೊಳಗೆ ಕಾಂಟ್ಯಾಕ್ಟುಗಳ ನಡುವಿನ ಅಂತರ ಸಾಕಷ್ಟು ತೆರೆದಿದ್ದರೆ ಕಿಡಿ ತಾನೇ ಆರಿಹೋಗುತ್ತದೆ. ಅಂತರ ನಿಧಾನವಾಗಿ ತೆರೆದರೆ ಕಿಡಿ ಮತ್ತೆ ಮತ್ತೆ ಹೊತ್ತಿ ಬೆಳ್ಳಿಯ ಲೇಪವನ್ನು ತಿನ್ನುತ್ತದೆ. ಅಗ್ಗದ ಪುಶ್ ಸ್ವಿಚ್ಚುಗಳಲ್ಲಿ ಸ್ಪ್ರಿಂಗು ಗುಂಡಿಯನ್ನು ಹಿಂದಕ್ಕೆ ತಳ್ಳುತ್ತದೆಯೇ ಹೊರತು ಕಾಂಟ್ಯಾಕ್ಟನ್ನು ಬೇರೆಯಾಗಿ ಚಿಮ್ಮಿಸುವುದಿಲ್ಲ. ಬೆರಳಿನ ವೇಗವೇ ಕಾಂಟ್ಯಾಕ್ಟಿನ ವೇಗವಾಗುತ್ತದೆ. ಮನೆಯಲ್ಲಿ ಹಿರಿಯರಿದ್ದರೆ, ಅವರು ಒತ್ತುವ ರೀತಿಗೆ ಈ ಸ್ವಿಚ್ಚು ಬೇಗ ಸುಟ್ಟುಹೋಗುತ್ತದೆ.

ಇದನ್ನು ಅಂಗಡಿಯ ಕೌಂಟರಿನಲ್ಲೇ ಪತ್ತೆಹಚ್ಚಬಹುದು. ಮಲ್ಟಿಮೀಟರನ್ನು ಬೀಪ್ ಕೊಡುವ ಕಂಟಿನ್ಯುಟಿಗೆ ಹಾಕಿ, ಎರಡು ಪ್ರೋಬುಗಳನ್ನು ಟರ್ಮಿನಲ್‌ಗಳಿಗೆ ತಾಗಿಸಿ. ಗುಂಡಿಯನ್ನು ಬೇಕೆಂದೇ ತೀರಾ ನಿಧಾನವಾಗಿ ಒತ್ತುತ್ತಾ ಹೋಗಿ. ಟಕ್ ಎನ್ನುವ ಸದ್ದು, ಬೀಪ್ ಎರಡೂ ಒಟ್ಟಿಗೇ ಬರಬೇಕು. ಟಕ್ ಎನ್ನುವ ಮೊದಲೇ ಬೀಪ್ ಬಂದರೆ, ಅಥವಾ ಅರ್ಧ ಒತ್ತಿ ಹಿಡಿದಾಗ ಬೀಪ್ ತಡವರಿಸಿದರೆ, ಆ ಸ್ವಿಚ್ಚು ಬೇಡ. ಆಮೇಲೆ ಗುಂಡಿಯ ನಾಲ್ಕು ಮೂಲೆಗಳಲ್ಲೂ ಒತ್ತಿ ನೋಡಿ. ಎರಡು ಮಾಡ್ಯೂಲ್ (ಪ್ಲೇಟಿನಲ್ಲಿ ಒಂದು ಸ್ವಿಚ್ಚು ಕೂರುವ ಜಾಗ) ಅಗಲದ ದೊಡ್ಡ ಗುಂಡಿಗಳಲ್ಲಿ ಪಕ್ಕದ ಗೈಡು ಗಿಡ್ಡವಾಗಿದ್ದರೆ ಮೂಲೆ ಒತ್ತಿದಾಗ ಗುಂಡಿ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹೊಸತರಲ್ಲೇ ಹೀಗಾದರೆ ಗೋಡೆಯ ಧೂಳು ಸೇರಿದ ಮೇಲೆ ಕೇಳುವುದೇ ಬೇಡ. ಪರೀಕ್ಷೆಗೆ ಒಪ್ಪದ ಅಂಗಡಿಯಲ್ಲಿ ನಿಲ್ಲಬೇಕಾಗಿಲ್ಲ. ಆ ಗಲ್ಲಿಯಲ್ಲಿ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ.

ಡಬ್ಬಿಯ ಮೇಲೆ ಮೊದಲು ನೋಡಬೇಕಾದದ್ದು ಐಎಸ್‌ಐ ಗುರುತು ಮತ್ತು ಐಎಸ್ 3854 ಎಂಬ ಸಂಖ್ಯೆ. ಮನೆಬಳಕೆಯ ಸ್ವಿಚ್ಚಿಗೆ ಇದು ಕಡ್ಡಾಯ. ಎರಡನೆಯದು ಆಂಪಿಯರ್. ಬರೀ 6 ಎ ಎಂದಿದ್ದರೆ ಅಲ್ಲಿಗೇ ಬಿಡಬೇಡಿ, 10 ಎಎಕ್ಸ್ ಎಂಬುದು ಸಿಗುತ್ತದೆಯೇ ಕೇಳಿ. ‘ಎಕ್ಸ್’ ಎಂದರೆ ಟ್ಯೂಬ್‌ಲೈಟಿನಂಥ, ಕೆಪಾಸಿಟರ್ ಇರುವ ದೀಪದ ಹೊರೆಗೂ ಪರೀಕ್ಷೆ ಆಗಿದೆ ಎಂದು. ಎಲ್‌ಇಡಿ ಕಾಲದಲ್ಲಿ ಇದರ ಬೆಲೆ ಹೆಚ್ಚಿದೆ. ಫಾಲ್ಸ್ ಸೀಲಿಂಗಿನಲ್ಲಿ 12 ವಾಟಿನ ಹತ್ತು ಪ್ಯಾನೆಲ್ ಲೈಟು ಹಾಕಿದರೆ ಒಟ್ಟು 120 ವಾಟು, ಲೆಕ್ಕಕ್ಕೆ ಅರ್ಧ ಆಂಪಿಯರಿನ ಆಸುಪಾಸು. ಆರು ಆಂಪಿಯರಿನ ಸ್ವಿಚ್ಚಿಗೆ ಇದು ಏನೂ ಅಲ್ಲ ಅನಿಸುತ್ತದೆ. ಆದರೆ ಪ್ರತಿ ಲೈಟಿಗೆ ಕರೆಂಟು ಹೊಂದಿಸಿ ಕೊಡುವ ಡ್ರೈವರಿನ ಒಳಗೂ ಕೆಪಾಸಿಟರ್ ಇದೆ. 230 ವೋಲ್ಟಿನ ಅಲೆ ತನ್ನ ತುದಿಯಲ್ಲಿ, ಅಂದರೆ 325 ವೋಲ್ಟಿನಲ್ಲಿ, ಇದ್ದಾಗಲೇ ಸ್ವಿಚ್ಚು ಹಾಕಿದರೆ ಹತ್ತೂ ಕೆಪಾಸಿಟರುಗಳು ಒಂದೇ ಏಟಿಗೆ ಕರೆಂಟು ಎಳೆಯುತ್ತವೆ. ಅದೇ ಕ್ಷಣದಲ್ಲಿ ಕಾಂಟ್ಯಾಕ್ಟು ಸೇರುವಾಗ ಒಂದೆರಡು ಸಲ ಪುಟಿಯುತ್ತದೆ. ಪುಟಿದಾಗ ಏಳುವ ಕಿಡಿಗೆ ಬೆಳ್ಳಿ ಕರಗಿ ಎರಡು ಬಿಂದುಗಳು ಬೆಸೆದುಕೊಳ್ಳುತ್ತವೆ. ಸ್ವಿಚ್ಚು ಆರಿಸಿದರೂ ದೀಪ ಆರದೆ, ಪ್ಲೇಟಿಗೆ ಒಂದು ತಟ್ಟಿದ ಮೇಲೆ ಆರಿದರೆ ರೋಗ ಇದೇ ಎಂದು ತಿಳಿಯಿರಿ. ಸೀಲಿಂಗ್ ಲೈಟುಗಳನ್ನು ಎರಡು ಸ್ವಿಚ್ಚಿಗೆ ಹಂಚಿದರೆ ಈ ಹೊಡೆತ ಅರ್ಧಕ್ಕೆ ಇಳಿಯುತ್ತದೆ.

‘ಒಂದು ಲಕ್ಷ ಕ್ಲಿಕ್’ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಹಾಕಿರುತ್ತಾರೆ. ದಿನಕ್ಕೆ 20 ಸಲ ಒತ್ತಿದರೂ ಹದಿಮೂರು ವರ್ಷ ದಾಟುತ್ತದೆ ಎಂಬ ಲೆಕ್ಕ ಸರಿ, ಆದರೆ ಎಷ್ಟು ಹೊರೆ ಇಟ್ಟು ಆ ಲಕ್ಷ ಎಣಿಸಿದರು ಎಂಬುದು ಅಲ್ಲಿ ಇರುವುದಿಲ್ಲ.

ಈ ಸ್ವಿಚ್ಚಿನ ಇನ್ನೊಂದು ಕೊರತೆಯನ್ನು ಅಂಗಡಿಯವರು ಹೇಳುವುದಿಲ್ಲ. ಪ್ಲೇಟಿನ ಮಟ್ಟಕ್ಕೇ ಮರಳುವ ಗುಂಡಿಯನ್ನು ನೋಡಿ ಸ್ವಿಚ್ಚು ಆನ್ ಇದೆಯೋ ಆಫ್ ಇದೆಯೋ ಹೇಳಲಾಗದು. ದೀಪ ಉರಿಯುತ್ತಿದ್ದರೆ ಗೊತ್ತಾಗುತ್ತದೆ, ಬಲ್ಬು ಸುಟ್ಟುಹೋಗಿದ್ದರೆ? ಏಣಿ ಹತ್ತಿ ಹೋಲ್ಡರಿಗೆ ಕೈಹಾಕುವವನಿಗೆ ಅಲ್ಲಿ ಫೇಸ್, ಅಂದರೆ ಶಾಕ್ ಹೊಡೆಯುವ ಕರೆಂಟು, ಇದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಪಿಯಾನೋ ಸ್ವಿಚ್ಚು ಕಣ್ಣಿಗೆ ಕಾಣುವಂತೆ ಹೇಳುತ್ತಿತ್ತು. ಆದ್ದರಿಂದ ಪುಶ್ ಸ್ವಿಚ್ಚು ಹಾಕಿದ ಮನೆಯಲ್ಲಿ ಬಲ್ಬು ಬದಲಿಸುವಾಗ ಎಂಸಿಬಿ (ಆ ಲೈನಿನ ಕರೆಂಟು ಕಡಿಯುವ ಬ್ರೇಕರ್) ಇಳಿಸಲೇಬೇಕು. ಬಾತ್‌ರೂಮಿನ ಗೀಸರಿಗೆ, ನೀರಿನ ಪಂಪಿಗೆ ಈ ಬಗೆಯ ಗುಂಡಿ ಹಾಕುವುದನ್ನು ನಾವು ಒಪ್ಪುವುದೇ ಇಲ್ಲ.

ಈಗ ಬೆಲ್ ಪುಶ್ ಮತ್ತು ಇಂಪಲ್ಸ್ ರಿಲೇ. ಒತ್ತುವ ಗುಂಡಿಗೆ ನಿಜವಾಗಿ ಒಪ್ಪುವ ಕೆಲಸ ಇದು. ಬೆಲ್ ಪುಶ್ ಒತ್ತಿದಷ್ಟು ಹೊತ್ತು ಮಾತ್ರ ಸೇರುವ ಗುಂಡಿ, ಒಳಗೆ ಒಂದು ಸ್ಪ್ರಿಂಗು, ಎರಡು ಕಾಂಟ್ಯಾಕ್ಟು, ಅಷ್ಟೇ. ಸವೆಯುವ ತೋಡಿಲ್ಲ, ಕಡ್ಡಿಯಿಲ್ಲ. ದೀಪದ ಕರೆಂಟು ಅದರ ಮೂಲಕ ಹರಿಯುವುದೂ ಇಲ್ಲ. ಹಚ್ಚುವ ಆರಿಸುವ ಕೆಲಸ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ಎಂಸಿಬಿಯ ಪಕ್ಕ ಕೂರುವ, ಒಂದೇ ಮಾಡ್ಯೂಲ್ ಅಗಲದ ರಿಲೇಯದ್ದು. ಉದ್ದನೆಯ ಪ್ಯಾಸೇಜಿಗೆ, ಎರಡು ಅಂತಸ್ತಿನ ಮನೆಯ ಮೆಟ್ಟಿಲಿಗೆ, ನಾಲ್ಕು ಬಾಗಿಲಿರುವ ಹಾಲಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದೇ ದೀಪವನ್ನು ಎರಡು ಕಡೆಯಿಂದ ಹಚ್ಚಿ ಆರಿಸುವ ಟೂ-ವೇ ಸ್ವಿಚ್ಚಿನಲ್ಲಿ ಮೂರನೆಯ ಜಾಗ ಬಂದರೆ ನಾಲ್ಕು ಟರ್ಮಿನಲ್ಲಿನ ಇಂಟರ್‌ಮೀಡಿಯೆಟ್ ಸ್ವಿಚ್ಚು ಬೇಕು, ಅದನ್ನು ಸರಿಯಾಗಿ ಜೋಡಿಸಬಲ್ಲ ವಯರ್‌ಮನ್ ಸಿಗುವುದೂ ಕಷ್ಟ. ಇಲ್ಲಿ ನಾಲ್ಕನೆಯ ಗುಂಡಿ ಬೇಕೆಂದರೆ ಮೊದಲ ಮೂರರ ಜೊತೆ ಪ್ಯಾರಲಲ್ ಆಗಿ ಎರಡು ವಯರು ಎಳೆದರೆ ಮುಗಿಯಿತು.

ಜೋಡಣೆ ಹೀಗೆ. 6 ಆಂಪಿಯರಿನ ಎಂಸಿಬಿಯಿಂದ ಫೇಸ್ ಎಲ್ಲ ಗುಂಡಿಗಳ ಒಂದು ಟರ್ಮಿನಲ್ಲಿಗೆ. ಗುಂಡಿಗಳ ಇನ್ನೊಂದು ಟರ್ಮಿನಲ್‌ಗಳೆಲ್ಲ ಒಟ್ಟಾಗಿ ರಿಲೇಯ ಕಾಯಿಲಿನ (ರಿಲೇಯನ್ನು ಬದಲಿಸುವ ತಂತಿ ಸುರುಳಿ) ಎ1 ಟರ್ಮಿನಲ್ಲಿಗೆ. ಎ2ಕ್ಕೆ ನ್ಯೂಟ್ರಲ್. ಅದೇ ಎಂಸಿಬಿಯ ಫೇಸ್ ರಿಲೇಯ ಕಾಂಟ್ಯಾಕ್ಟಿನ ಒಂದು ತುದಿಗೆ, ಇನ್ನೊಂದು ತುದಿಯಿಂದ ದೀಪಕ್ಕೆ. ‘ಅದೇ ಎಂಸಿಬಿ’ ಎಂಬುದನ್ನು ಒತ್ತಿ ಹೇಳಬೇಕು. ಪ್ರತಿ ಬೋರ್ಡಿನಲ್ಲೂ ಫೇಸ್ ಇದ್ದೇ ಇದೆ, ಅಲ್ಲಿಂದಲೇ ಕೊಡೋಣ ಎಂದು ಕೆಲವರು ಸುಲಭದ ದಾರಿ ಹಿಡಿಯುತ್ತಾರೆ. ಮೂರು ಫೇಸ್ ಬರುವ ದೊಡ್ಡ ಫ್ಲ್ಯಾಟಿನಲ್ಲಿ ಎರಡು ಬೋರ್ಡುಗಳು ಬೇರೆ ಫೇಸಿನವಾಗಿದ್ದರೆ, ಎರಡು ಗುಂಡಿ ಒಟ್ಟಿಗೆ ಒತ್ತಿದ ಕ್ಷಣ ಸುಮಾರು 400 ವೋಲ್ಟಿನ ಶಾರ್ಟು.

ಗುಂಡಿಯಲ್ಲಿ ರಾತ್ರಿ ಕಾಣಲೆಂದು ಸಣ್ಣ ನಿಯಾನ್ ದೀಪ ಇರುವ ಬೆಲ್ ಪುಶ್ ಒಳ್ಳೆಯದೇ, ಆದರೆ ಪ್ರತಿ ನಿಯಾನ್ ಮೂಲಕವೂ ಚೂರು ಕರೆಂಟು ಕಾಯಿಲಿಗೆ ಹರಿಯುತ್ತಿರುತ್ತದೆ. ಇಂಥ ಗುಂಡಿಗಳು ಹೆಚ್ಚಾದರೆ ರಿಲೇ ಬಿಡದೆ ಹಿಡಿದುಕೊಳ್ಳುತ್ತದೆ. ಎಷ್ಟು ಮಿಲಿಆಂಪಿಯರ್‌ವರೆಗೆ ತಡೆಯುತ್ತದೆ ಎಂಬುದು ರಿಲೇ ಜೊತೆಗಿನ ಚೀಟಿಯಲ್ಲಿರುತ್ತದೆ, ಅದನ್ನು ಎಸೆಯುವ ಮೊದಲು ಓದಿ. ಗುಂಡಿ ಒಳಗೇ ಸಿಕ್ಕಿಕೊಂಡರೂ ತೊಂದರೆ: ಎಲ್ಲ ಕಾಯಿಲುಗಳೂ ನಿರಂತರ ಕರೆಂಟಿಗೆ ಮಾಡಿದವಲ್ಲ, ಬಿಸಿಯಾಗಿ ಸುಡುತ್ತವೆ. ರಿಲೇ ಬದಲಾಗುವಾಗ ಸದ್ದು ಜೋರಾಗಿಯೇ ಇರುತ್ತದೆ, ಹಾಸಿಗೆಯ ತಲೆದಿಸೆಯ ಗೋಡೆಯಲ್ಲಿ ಬೋರ್ಡು ಇದ್ದರೆ ಯೋಚಿಸಿ. ಕರೆಂಟು ಹೋದಾಗ ರಿಲೇ ಇದ್ದ ಸ್ಥಿತಿಯಲ್ಲೇ ಉಳಿಯುತ್ತದೆ. ಕತ್ತಲಲ್ಲಿ ಬೀಗ ಹಾಕಿ ಊರಿಗೆ ಹೊರಟವರ ಮನೆಯಲ್ಲಿ ಕರೆಂಟು ಬಂದ ಮೇಲೆ ದೀಪ ಉರಿಯುತ್ತಲೇ ಇರಬಹುದು. ಸೊಸೈಟಿಯ ಮೆಟ್ಟಿಲಿಗಾದರೆ ಇಂಪಲ್ಸ್ ರಿಲೇ ಬದಲು ಸ್ಟೇರ್‌ಕೇಸ್ ಟೈಮರ್ ಹಾಕಿಸಿ, ಒತ್ತಿದ ಕೆಲವು ನಿಮಿಷಕ್ಕೆ ತಾನೇ ಆರುತ್ತದೆ.

ಎಲೆಕ್ಟ್ರಾನಿಕ್ ಗುಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಬೋರ್ಡಿನಲ್ಲಿ ನ್ಯೂಟ್ರಲ್ ಬೇಕು. ಸಾಕೆಟ್ ಇರುವ ಬೋರ್ಡಿನಲ್ಲಿ ಸಿಗುತ್ತದೆ, ಹಾಸಿಗೆ ಪಕ್ಕದ ಒಂಟಿ ಟೂ-ವೇ ಬೋರ್ಡಿನಲ್ಲಿ ಬಹಳ ಸಲ ಸಿಗುವುದಿಲ್ಲ. ನ್ಯೂಟ್ರಲ್ ಇಲ್ಲದೆ ಓಡುವ ಬಗೆಯದ್ದು ದೀಪದ ಮೂಲಕವೇ ಚೂರು ಕರೆಂಟು ಕದಿಯುವುದರಿಂದ ಆರಿಸಿದ ಎಲ್‌ಇಡಿ ರಾತ್ರಿಯೆಲ್ಲ ಮಿಣುಕಬಹುದು. ಆಫ್ ಮಾಡಿದರೂ ಅದನ್ನು ಪೂರ್ತಿ ಕಡಿತ ಎಂದು ನಂಬಬಾರದು; ಮಾಮೂಲಿ ಸ್ವಿಚ್ಚಿನಲ್ಲಿ ಕಾಂಟ್ಯಾಕ್ಟುಗಳ ನಡುವೆ ಸಾಮಾನ್ಯವಾಗಿ 3 ಮಿಲಿಮೀಟರ್ ಅಂತರ ಇರುತ್ತದೆ, ಇಲ್ಲಿ ಹಾಗಲ್ಲ.

ಯಾವುದನ್ನೇ ಕೊಂಡರೂ ಇಲ್ಲಿನ ಹವೆ ಮರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಹೊರಗೋಡೆಗಳು ನೀರು ಹೀರುತ್ತವೆ. ಗೋವಾದಲ್ಲಿ ಅದಕ್ಕೆ ಉಪ್ಪುಗಾಳಿಯೂ ಸೇರುತ್ತದೆ. ಗೋಡೆಯೊಳಗಿನ ಕಬ್ಬಿಣದ ಬಾಕ್ಸು ತುಕ್ಕು ಹಿಡಿದು ಸ್ಕ್ರೂ ಹಿಡಿಯುವ ಕಿವಿ ಮುರಿದರೆ ಇಡೀ ಪ್ಲೇಟು ಸಡಿಲವಾಗುತ್ತದೆ. ಪುಶ್ ಸ್ವಿಚ್ಚಿಗೆ ಪ್ರತಿ ಸಲವೂ ನೇರ ಒಳಮುಖದ ಒತ್ತಡ ಬೀಳುವುದರಿಂದ ಈ ಸಡಿಲ ಬೇಗ ಕಾಣಿಸುತ್ತದೆ. ಹೊರಗೋಡೆಗೆ ಪಿವಿಸಿ ಬಾಕ್ಸು ಹಾಕಿಸಿ. ಗುಂಡಿ ಮತ್ತು ಪ್ಲೇಟಿನ ನಡುವಿನ ಸಂದಿನಿಂದ ಇರುವೆ ನುಗ್ಗುವುದೂ ಉಂಟು. ಕಾಂಟ್ಯಾಕ್ಟಿನ ನಡುವೆ ಅರೆದುಹೋದ ಇರುವೆಯಿಂದ ದೀಪ ಹತ್ತದೇ ಇರುತ್ತದೆ. ವಯರಿನ ಕೊಳವೆ ಬಾಕ್ಸಿಗೆ ಸೇರುವ ತೂತನ್ನು ಮುಚ್ಚಿಸಿದರೆ ಅರ್ಧ ಉಪದ್ರ ತಪ್ಪುತ್ತದೆ.

ಜೋಡಿಸುವಾಗ ಎಂಸಿಬಿ ಇಳಿಸಿ, ಟೆಸ್ಟರಿನಲ್ಲಿ ನೋಡಿದ ಮೇಲೆಯೇ ಕೈಹಾಕಬೇಕು. ಸ್ವಿಚ್ಚು ಯಾವಾಗಲೂ ಫೇಸಿನಲ್ಲಿ, ನ್ಯೂಟ್ರಲ್ಲಿನಲ್ಲಿ ಅಲ್ಲ. 1.5 ಚದರ ಮಿಲಿಮೀಟರಿನ ವಯರಿನಲ್ಲಿ ಸಾಮಾನ್ಯವಾಗಿ 0.3 ಮಿಲಿಮೀಟರಿನ 22 ಎಳೆಗಳಿರುತ್ತವೆ. ಸುಲಿಯುವಾಗ ನಾಲ್ಕೈದು ಎಳೆ ಕತ್ತರಿಸಿ ಹೋದರೆ ಉಳಿದವು ಬಿಸಿಯಾಗುತ್ತವೆ. 8ರಿಂದ 10 ಮಿಲಿಮೀಟರ್ ಸುಲಿದು, ಹೊಸೆದು, ತುದಿಯನ್ನು ಒಮ್ಮೆ ಮಡಚಿ ಟರ್ಮಿನಲ್ಲಿಗೆ ತೂರಿಸಿ. ಸ್ಕ್ರೂ ತಾಮ್ರವನ್ನು ಹಿಡಿಯಬೇಕು, ರಬ್ಬರನ್ನಲ್ಲ. ಬಿಗಿದ ಮೇಲೆ ಎಳೆದು ನೋಡಿ. ಸಡಿಲ ಸ್ಕ್ರೂವಿನಿಂದ ಕರಗಿದ ಸ್ವಿಚ್ಚನ್ನು ‘ಕಂಪನಿ ಮಾಲು ಖರಾಬು’ ಎಂದು ಅಂಗಡಿಗೆ ವಾಪಸು ತರುವವರು ಬಹಳ.

ಒಂದು ಕಂಪನಿಯ ಮಾಡ್ಯೂಲು ಇನ್ನೊಂದು ಕಂಪನಿಯ ಫ್ರೇಮಿನಲ್ಲಿ ಸಾಮಾನ್ಯವಾಗಿ ಕೂರುವುದಿಲ್ಲ. ಒಂದೇ ಕಂಪನಿಯ ಎರಡು ಸೀರೀಸು ಕೂಡ ಕೆಲವು ಸಲ ಹೊಂದುವುದಿಲ್ಲ. ಸೀರೀಸು ನಿಂತುಹೋದರೆ ಒಂದು ಗುಂಡಿಗಾಗಿ ಇಡೀ ಪ್ಲೇಟು ಬದಲಿಸಬೇಕಾಗುತ್ತದೆ. ಆದ್ದರಿಂದ ಕೊಳ್ಳುವಾಗಲೇ ಅದೇ ಸೀರೀಸಿನ ಎರಡು ಗುಂಡಿ, ಒಂದು ಪ್ಲೇಟು ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ, ಜಿಎಸ್‌ಟಿ ಬಿಲ್ಲಿನ ಮೇಲೆ ಸೀರೀಸಿನ ಹೆಸರು ಬರೆಸಿಕೊಳ್ಳಿ.