ಶನಾಯಾ ಟ್ವೇನ್ ಅವರ ‘ಅಪ್!’: ಕೆಂಪು, ಹಸಿರು, ನೀಲಿಯಲ್ಲಿ ಯಾವುದನ್ನು ಕೇಳಬೇಕು?

ಕೆನಡಾದ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಜನಪದ ಮೂಲದ ಸಂಗೀತ) ಗಾಯಕಿ ಶನಾಯಾ ಟ್ವೇನ್ 2002ರ ನವೆಂಬರ್‌ನಲ್ಲಿ ‘ಅಪ್!’ ಆಲ್ಬಂ ಹೊರತಂದಾಗ ಅವೇ 19 ಹಾಡುಗಳನ್ನು ಮೂರು ಬಗೆಯ ವಾದ್ಯ ಸಂಯೋಜನೆಯಲ್ಲಿ ಕೊಟ್ಟರು. ಕೆಂಪು ಡಿಸ್ಕ್ ಪಾಪ್, ಹಸಿರು ಕಂಟ್ರಿ, ನೀಲಿ ನಮ್ಮ ಸಿನಿಮಾ ಸಂಗೀತದ ಶೈಲಿ. ನಿರ್ಮಾಪಕ ಮಟ್ ಲ್ಯಾಂಗ್. ಸಾಹಿತ್ಯ, ಧಾಟಿ ಮೂರರಲ್ಲೂ ಒಂದೇ. ಗಾಯನವೂ ಹೆಚ್ಚುಕಡಿಮೆ ಅದೇ. ಬದಲಾಗುವುದು ಹಿಮ್ಮೇಳ ಮಾತ್ರ. ಹೋಲಿಕೆಗೆ ಇಷ್ಟು ಒದಗಿಬರುವ ಆಲ್ಬಂ ಅಪರೂಪ.

ಇಡೀ ಡಿಸ್ಕನ್ನು ಇನ್ನೊಂದರ ಜೊತೆ ಹೋಲಿಸಲು ಹೋಗಬೇಡಿ. ಒಂದೊಂದು ಡಿಸ್ಕೂ ಒಂದು ಗಂಟೆ ಮೀರುತ್ತದೆ, ಎರಡನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಒಂದೇ ಹಾಡಿನ ಮೂರು ರೂಪಗಳನ್ನು ಬೆನ್ನುಬೆನ್ನಿಗೆ ಹಾಕಿ, ಮೊದಲ ಚರಣ ಮತ್ತು ಪಲ್ಲವಿ ಮಾತ್ರ ಕೇಳಿ. ಮೂರರ ವಾಲ್ಯೂಮೂ ಒಂದೇ ಮಟ್ಟದಲ್ಲಿರಲಿ. ತುಸು ಜೋರಾಗಿ ಕೇಳುವುದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ.

‘ಐಯಾಮ್ ಗೊನ್ನಾ ಗೆಚ್ಚಾ ಗುಡ್!’ ಮೊದಲ ಸಿಂಗಲ್, ಅಂದರೆ ಆಲ್ಬಂನಿಂದ ಬಿಡಿಯಾಗಿ ಹೊರಬಂದ ಹಾಡು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ, ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ 7ಕ್ಕೆ ಏರಿತು. ಇದಕ್ಕೆ ಕೆಂಪೇ ಸರಿ. ಹಾಡಿನ ಜೀವ ಇರುವುದು ಗಟ್ಟಿ ಲಯದಲ್ಲಿ. ಲ್ಯಾಂಗ್ ಎಸಿ/ಡಿಸಿ, ಡೆಫ್ ಲೆಪರ್ಡ್ ಎಂಬ ರಾಕ್ ತಂಡಗಳಿಗೆ ಆಲ್ಬಂ ಮಾಡಿದವರು. ಗಿಟಾರ್ ಮತ್ತು ಡ್ರಮ್ಮಿನ ಆ ಬಿಗಿ ಇಲ್ಲಿ ಹಾಡನ್ನು ಮುಂದಕ್ಕೆ ತಳ್ಳುತ್ತದೆ. ಹಸಿರಿನಲ್ಲಿ ಅದೇ ಹಾಡು ಹಿತವಾಗಿದೆ, ಆದರೆ ಆ ರಭಸ ಇಲ್ಲ.

‘ಫಾರೆವರ್ ಆ್ಯಂಡ್ ಫಾರ್ ಆಲ್ವೇಸ್’ ವಿಷಯದಲ್ಲಿ ತೀರ್ಪು ಪೂರ್ತಿ ತಿರುಗುತ್ತದೆ. ಕಂಟ್ರಿ ಪಟ್ಟಿಯಲ್ಲಿ 4ನೇ ಸ್ಥಾನ ಪಡೆದ ಈ ಹಾಡನ್ನು ಹಸಿರಿನಲ್ಲೇ ಕೇಳಬೇಕು. ಗಾಯಕಿ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗ ಗಮನಿಸಿ: ಪೆಡಲ್ ಸ್ಟೀಲ್ ಗಿಟಾರ್ ಸ್ವರದಿಂದ ಸ್ವರಕ್ಕೆ ಜಾರುತ್ತಾ ಆ ಖಾಲಿಯನ್ನು ತುಂಬುತ್ತದೆ, ಕಚೇರಿಯಲ್ಲಿ ಪಿಟೀಲು ಹಾಡುಗಾರರನ್ನು ಹಿಂಬಾಲಿಸುವ ಹಾಗೆ. ಕೆಂಪಿನಲ್ಲಿ ಆ ಜಾಗಗಳು ನುಣುಪಾಗಿ ಮುಚ್ಚಿಹೋಗುತ್ತವೆ. ದನಿಗೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ.

ಇನ್ನು ನೀಲಿ. ಇದನ್ನು ಮಾಡಿದವರು ಬ್ರಿಟನ್ನಿನ ಬರ್ಮಿಂಗ್‌ಹ್ಯಾಮಿನ ಸಹೋದರರಾದ ಸೈಮನ್ ಮತ್ತು ಡೈಮಂಡ್ ದುಗ್ಗಲ್. ವಾದ್ಯವೃಂದ ಮತ್ತು ತಾಳವಾದ್ಯಗಳ ಧ್ವನಿಮುದ್ರಣ ನಡೆದದ್ದು ಮುಂಬೈಯಲ್ಲಿ. ತಾಳದ ತೊಂದರೆ ಇಲ್ಲವೇ ಇಲ್ಲ. ಪಾಪ್‌ನ ನಾಲ್ಕರ ಎಣಿಕೆ ನಮ್ಮ ಕೆಹರ್ವಾ ತಾಳದ ಎಂಟು ಮಾತ್ರೆಗೆ ನೇರ ಕೂರುತ್ತದೆ, ತಬಲಾ ಸಲೀಸಾಗಿ ಸೇರಿಕೊಳ್ಳುತ್ತದೆ. ತೊಡಕು ಸ್ವರದಲ್ಲಿದೆ. ವಾದ್ಯಗಳು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರು) ಎಳೆಯುತ್ತವೆ, ಆದರೆ ಗಾಯನ ಪಾಶ್ಚಾತ್ಯ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ನೇರ ಸ್ವರದಲ್ಲಿ ಹಾಡಿದ್ದು. ನಿಧಾನದ ಪ್ರೇಮಗೀತೆಗಳಲ್ಲಿ ಈ ಹೊಲಿಗೆ ಎದ್ದು ಕಾಣುತ್ತದೆ. ಗಮಕ ಕೇಳಿ ಬೆಳೆದ ಕಿವಿಗೆ ನೀಲಿಗಿಂತ ಹಸಿರೇ ಹತ್ತಿರ ಎನಿಸಿದರೆ ಅಚ್ಚರಿಪಡಬೇಕಿಲ್ಲ.

ಆದರೆ ‘ಕಾ-ಚಿಂಗ್!’ ನೀಲಿಯಲ್ಲಿ ಗೆಲ್ಲುತ್ತದೆ. ಕೊಳ್ಳುಬಾಕತನದ ಮೇಲಿನ ಈ ಹಾಡಿನಲ್ಲಿ ಮಾತು ಚುರುಕು, ಎಳೆದು ಹಾಡುವ ಸ್ವರ ಕಡಿಮೆ. ಆದ್ದರಿಂದ ವಾದ್ಯಗಳ ಮೀಂಡ್ ಜೊತೆ ದನಿ ಜಗಳವಾಡುವುದಿಲ್ಲ. ಅಮೆರಿಕದಲ್ಲಿ ಇದು ಸಿಂಗಲ್ ಆಗಿ ಬರಲಿಲ್ಲ. ಬ್ರಿಟನ್ನಿನಲ್ಲಿ 8ನೇ ಸ್ಥಾನ ತಲುಪಿತು. ಶೀರ್ಷಿಕೆ ಗೀತೆ ‘ಅಪ್!’ ಕೆಂಪು, ಹಸಿರು ಎರಡರಲ್ಲೂ ನಡೆಯುತ್ತದೆ. ‘ಶೀಸ್ ನಾಟ್ ಜಸ್ಟ್ ಎ ಪ್ರೆಟಿ ಫೇಸ್’ ಮಾತ್ರ ಹಸಿರಿಗೇ.

ಹಳೆಯ ಸಿಡಿ ಕೊಳ್ಳುವವರು ಒಂದು ಅಂಶ ನೋಡಿಕೊಳ್ಳಿ. ಅಮೆರಿಕ, ಕೆನಡಾದಲ್ಲಿ ಮಾರಿದ ಜೋಡಿ ಕೆಂಪು ಮತ್ತು ಹಸಿರು. ಉಳಿದ ಕಡೆ ಸಾಮಾನ್ಯವಾಗಿ ಕೆಂಪು ಮತ್ತು ನೀಲಿ. ಕಂಟ್ರಿ ರೂಪ ಬೇಕೆಂದು ಯುರೋಪಿನ ಪ್ರತಿ ತರಿಸಿದರೆ ಅದರಲ್ಲಿ ಹಸಿರು ಇರುವುದಿಲ್ಲ. ಮುಖಪುಟ ನೋಡಿ ನಿರ್ಧರಿಸದೆ, ಒಳಗಿನ ಡಿಸ್ಕಿನ ಬಣ್ಣದ ಫೋಟೊ ಕೇಳಿ ಪಡೆಯಿರಿ. ಸ್ಟ್ರೀಮಿಂಗ್‌ನಲ್ಲಾದರೆ ಹಾಡಿನ ಹೆಸರಿನ ಪಕ್ಕದಲ್ಲೇ ಬಣ್ಣ ನಮೂದಾಗಿರುತ್ತದೆ. ಮೂರರಿಂದಲೂ ಆರಿಸಿ ನಿಮ್ಮದೇ 19ರ ಪಟ್ಟಿ ಮಾಡಿಕೊಳ್ಳಬಹುದು.