ಭಾಗವತರು ಪದ್ಯ ಎತ್ತಿದರೆ ಪೆಡಲ್ ಜೋರು: ಎರಡು ಮಳೆಗಾಲ ತುಳಿದ ಮನೆಸೈಕಲ್

ಮನೆಯೊಳಗೆ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ಇದು. ಮೊದಲು ಬೈಯುವುದನ್ನು ಮುಗಿಸುತ್ತೇನೆ. ಸೀಟು ಕೂರಲಿಕ್ಕೆ ಮಾಡಿದ್ದಲ್ಲ. ಮೇಲೊಂದು ಜೆಲ್ ಕವರ್ ಹಾಕದೆ ಅರ್ಧ ಗಂಟೆ ದಾಟಿಸಿದವರಿಗೆ ನನ್ನ ನಮಸ್ಕಾರ. ಎಡಗಡೆ ಪೆಡಲ್ ಆಗಾಗ ಸಡಿಲಾಗಿ ಕಟಕಟ ಅನ್ನುತ್ತದೆ. ಎಡ ಪೆಡಲಿನ ತಿರುಪು ಉಲ್ಟಾ, ಅಪ್ರದಕ್ಷಿಣವಾಗಿ ತಿರುಗಿಸಿದರೆ ಮಾತ್ರ ಬಿಗಿಯಾಗುತ್ತದೆ. ಈ ವಿಷಯ ಕಂಪನಿಯ ಪುಸ್ತಿಕೆಯಲ್ಲಿಲ್ಲ, ಊರಿನ ಸೈಕಲ್ ಅಂಗಡಿಯವರು ಹೇಳಿದ್ದು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ನಿಮ್ಮ ಪಿನ್‌ಕೋಡ್‌ಗೆ ಟೆಕ್ನಿಷಿಯನ್ ಇಲ್ಲ ಅಂತ ಬಹಳ ವಿನಯದಿಂದ ಹೇಳುತ್ತಾರೆ.

ಇನ್ನು ಡಿಸ್‌ಪ್ಲೇ ತೋರಿಸುವ ಕ್ಯಾಲರಿ. ಅದನ್ನು ಡೈರಿಯಲ್ಲಿ ಬರೆದಿಡುವವರಿದ್ದರೆ ದಯವಿಟ್ಟು ನಿಲ್ಲಿಸಿ. ನಾಬ್ ತಿರುಗಿಸಿದಾಗ ಒಂದು ಕೇಬಲ್ ಆಯಸ್ಕಾಂತವನ್ನು ಫ್ಲೈವೀಲ್ (ತುಳಿದಾಗ ತಿರುಗುವ ಭಾರದ ಚಕ್ರ) ಹತ್ತಿರಕ್ಕೆ ತರುತ್ತದೆ, ತುಳಿತ ಭಾರವಾಗುತ್ತದೆ, ಅಷ್ಟೇ. ನಾಬ್ ಎಲ್ಲಿದೆ ಎಂಬುದು ಡಿಸ್‌ಪ್ಲೇಗೆ ಗೊತ್ತೇ ಇಲ್ಲ. ಅದು ಎಣಿಸುವುದು ಸುತ್ತುಗಳನ್ನು ಮಾತ್ರ. ಒಂದರಲ್ಲಿಟ್ಟು ಹಾಯಾಗಿ ತುಳಿದರೂ ಎಂಟರಲ್ಲಿಟ್ಟು ಬೆವರು ಸುರಿಸಿದರೂ ಒಂದೇ ಲೆಕ್ಕ. ನನ್ನ ತೂಕವನ್ನೂ ಅದು ಯಾವತ್ತೂ ಕೇಳಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯದೇ.

ಜೊತೆಗೆ ಬಂದ ಆ್ಯಪ್ ಇನ್ನೊಂದು ಕಥೆ. ಶುರುವಿನಲ್ಲಿ ಎಲ್ಲ ಉಚಿತ. ಬಿಳಿ ಹಲ್ಲಿನ ತರಬೇತುದಾರರು ಪರದೆಯಲ್ಲಿ ಬಂದು ಇಂಗ್ಲಿಷಿನಲ್ಲಿ ಹುರಿದುಂಬಿಸುತ್ತಿದ್ದರು, ಇನ್ನು ಐದೇ ಸೆಕೆಂಡು, ನಿಮ್ಮಿಂದ ಆಗುತ್ತದೆ ಅಂತ. ನನ್ನಿಂದ ಆಗುತ್ತದೋ ಇಲ್ಲವೋ ಇವರಿಗೆ ಹೇಗೆ ಗೊತ್ತು ಮಾರಾಯ್ರೆ? ಕೆಲವೇ ವಾರಗಳಲ್ಲಿ ಅವರ ಹುರುಪು ಕಂಡರೆ ಸಿಟ್ಟು ಬರತೊಡಗಿತು. ಆಮೇಲೆ ಚಂದಾ ಕೇಳಿದರು, ಡಿಲೀಟ್ ಮಾಡಿದೆ.

ಜ್ವಿಫ್ಟ್ ಎಂಬ ಸೈಕ್ಲಿಂಗ್ ಆ್ಯಪ್ ತಗೊಳ್ಳಿ ಅಂತ ಹೇಳುವವರು ಇರುತ್ತಾರೆ. ಆಟದಂಥ ಲೋಕದಲ್ಲಿ ಬೇರೆ ಬೇರೆ ದೇಶದವರೊಡನೆ ಗುಡ್ಡ ಹತ್ತಬಹುದು. ಫ್ರಾನ್ಸಿನ ಆಲ್ಪ್ ಡ್ಯುಯೆಜ್‌ನ 21 ತಿರುವುಗಳ ನಕಲೂ ಅಲ್ಲುಂಟು. ಆದರೆ ತಿಂಗಳಿಗೆ 19.99 ಡಾಲರ್. ಅಂಥದ್ದೇ ಇನ್ನೊಂದು ಆ್ಯಪ್ ಮೈವೂಶ್ ಉಚಿತ, ಚೆನ್ನಾಗಿಯೂ ಇದೆಯಂತೆ. ಎರಡಕ್ಕೂ ಸೈಕಲ್ ತನ್ನ ಲೆಕ್ಕವನ್ನು ಬ್ಲೂಟೂತ್‌ನಲ್ಲಿ ಕಳಿಸಬೇಕು, ಇಲ್ಲವಾದರೆ ಸೆನ್ಸರ್ ಬೇರೆ ಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಇಂಟರ್ನೆಟ್ ಇರಬೇಕು. ಕರಾವಳಿಯಲ್ಲಿ ಜುಲೈ ತಿಂಗಳು ಕಂಡವರಿಗೆ ಉಳಿದದ್ದು ಹೇಳಬೇಕಾಗಿಲ್ಲ. ಒಂದು ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಕರೆಂಟೂ ಇಲ್ಲ, ರೂಟರೂ ಇಲ್ಲ. ಈ ಸೈಕಲ್‌ಗೆ ಕರೆಂಟ್ ಬೇಡ, ಡಿಸ್‌ಪ್ಲೇಗೆ ಎರಡು ಪೆನ್ಸಿಲ್ ಸೆಲ್ ಸಾಕು. ನನ್ನ ಬಜೆಟ್ 15,000 ರೂಪಾಯಿ, ನನ್ನ ಊರು ಉಡುಪಿ ಕಡೆ. ಹಾಗಾಗಿ ಇದೇ.

ಇಷ್ಟೆಲ್ಲ ಬೈದವನು ಇನ್ನೂ ಯಾಕೆ ತುಳಿಯುತ್ತಿದ್ದಾನೆ ಅಂದರೆ, ತಾಳಮದ್ದಳೆ.

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ನಮ್ಮಲ್ಲಿ ತಾಳಮದ್ದಳೆಯ ಕಾಲ. ಕೂತಲ್ಲೇ ನಡೆಯುವ ಯಕ್ಷಗಾನ ಅದು, ವೇಷವಿಲ್ಲ, ಕುಣಿತವಿಲ್ಲ. ಪದ್ಯ ಹಾಡುವ ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಕೂತು ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು. ನೋಡಲಿಕ್ಕೆ ಏನೂ ಇಲ್ಲದ್ದೇ ಇಲ್ಲಿ ದೊಡ್ಡ ಅನುಕೂಲ. ಸೈಕಲ್ ಮೇಲೆ ಸಿನಿಮಾ ನೋಡಿದರೆ ಕುತ್ತಿಗೆ ಬಗ್ಗುತ್ತದೆ, ಕನ್ನಡಕದ ಮೇಲೆ ಬೆವರು ತೊಟ್ಟಿಕ್ಕುತ್ತದೆ, ರೋಚಕ ದೃಶ್ಯ ಬಂದಾಗ ಕಾಲು ನಿಲ್ಲುತ್ತದೆ. ತಾಳಮದ್ದಳೆಗೆ ಕಿವಿ ಸಾಕು. ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿದ ಆಡಿಯೊ ಮೊಬೈಲ್‌ನಲ್ಲಿ ತುಂಬಿಸಿಟ್ಟಿದ್ದೇನೆ.

ಬೆಳಿಗ್ಗೆ ಮೊದಲ ಕೆಲಸ ಹ್ಯಾಂಡಲ್ ಮೇಲೆ ಒಣಹಾಕಿದ ಬಟ್ಟೆ ತೆಗೆಯುವುದು. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಒಣಗುದಾಣ ಇಲ್ಲ, ಕಂಪನಿಯವರು ಇದನ್ನೂ ಜಾಹೀರಾತಿನಲ್ಲಿ ಹಾಕಿಕೊಳ್ಳಬಹುದು. ಪಂಚೆ, ಲಂಗ, ಶಾಲೆಯ ಯೂನಿಫಾರ್ಮು ಎಲ್ಲ ಕುರ್ಚಿಗೆ ವರ್ಗವಾಗುತ್ತವೆ. ಒಂದು ಬೈರಾಸನ್ನು ಹ್ಯಾಂಡಲ್‌ಗೆ ಸುತ್ತುತ್ತೇನೆ. ಇಲ್ಲದಿದ್ದರೆ ಬೆವರಿಗೂ ಉಪ್ಪುಗಾಳಿಗೂ ಬೋಲ್ಟುಗಳು ತುಕ್ಕು ಹಿಡಿಯುತ್ತವೆ. ಟೇಬಲ್ ಫ್ಯಾನ್ ನೇರ ಎದೆಗೆ, ಯಾಕೆಂದರೆ ರಸ್ತೆಯಲ್ಲಿ ತಾನಾಗಿ ಸಿಗುವ ಗಾಳಿ ಮನೆಯೊಳಗೆ ಸಿಗುವುದಿಲ್ಲ. ಒಂದು ಚೊಂಬು ನೀರು ಕಿಟಕಿಯ ದಂಡೆಯ ಮೇಲೆ. ಆಮೇಲೆ ನಿನ್ನೆ ನಿಲ್ಲಿಸಿದಲ್ಲಿಂದ ಆಡಿಯೊ.

ಪದ್ಯ ಬಂದಾಗ ನಾಬ್ ಏರಿಸಿ ತಾಳಕ್ಕೆ ಸರಿಯಾಗಿ ತುಳಿಯುತ್ತೇನೆ. ಯುದ್ಧದ ಪದ್ಯ ತ್ವರಿತ ಏಕತಾಳಕ್ಕೆ ಹೊರಳಿ ಚೆಂಡೆ ಬಿದ್ದರೆ ಕಾಲು ನನ್ನ ಮಾತು ಕೇಳುವುದಿಲ್ಲ. ಪದ್ಯ ಮುಗಿದು ಅರ್ಥ, ಅಂದರೆ ಮಾತು, ಶುರುವಾದರೆ ನಾಬ್ ಇಳಿಸಿ ಹದವಾದ ಓಟ. ಭಾಮಿನಿ ಷಟ್ಪದಿ ಬಂದರೆ ತಾಳವೇ ಇಲ್ಲ, ಆಗ ನೀರು. ಜಿಮ್‌ನವರು ದುಡ್ಡು ತಗೊಂಡು ಹೇಳಿಕೊಡುವ ಇಂಟರ್ವಲ್ ಟ್ರೇನಿಂಗ್ ಇದೇ ತಾನೆ? ವ್ಯತ್ಯಾಸ ಒಂದೇ, ಮುಂದಿನ ಪದ್ಯ ಯಾವಾಗ ಅಂತ ಇಲ್ಲಿ ಗೊತ್ತಿರುವುದಿಲ್ಲ. ಒಬ್ಬ ಅರ್ಥಧಾರಿ ಪೀಠಿಕೆಯನ್ನೇ ಕಾಲು ಗಂಟೆ ಎಳೆದರೆ ಪೂರ್ತಿ ವಿಶ್ರಾಂತಿ. ಇಬ್ಬರು ಮಾತಿಗೆ ಮಾತು ಬೆಳೆಸಿ ಭಾಗವತರು ಮಧ್ಯೆ ಪದ್ಯ ಎತ್ತಿದರೆ ಉಸಿರು ಬಿಡಲಿಕ್ಕೂ ಪುರುಸೊತ್ತಿಲ್ಲ.

ಎಷ್ಟು ಜೋರು ತುಳಿಯಬೇಕು ಎಂಬುದಕ್ಕೂ ಹಾರ್ಟ್‌ರೇಟ್ ಪಟ್ಟಿ ಕೊಂಡಿಲ್ಲ. ಮಾತಾಡಲಿಕ್ಕೆ ಆಗಬೇಕು, ಹಾಡಲಿಕ್ಕೆ ಆಗಬಾರದು. ಮಧ್ಯಮ ಶ್ರಮಕ್ಕೆ ವೈದ್ಯರು ಹೇಳುವ ಸುಲಭದ ಅಳತೆ ಅದು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ವಾಲಿ ಕೇಳಿದಾಗ ರಾಮನ ಪರವಾಗಿ ನಾನು ಗಟ್ಟಿಯಾಗಿ ಉತ್ತರ ಕೊಡಬಲ್ಲೆ, ಆದರೆ ಭಾಗವತರ ಜೊತೆ ದನಿಗೂಡಿಸಲಾರೆ ಅಂದರೆ ವೇಗ ಸರಿ ಉಂಟು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಇಂಥ ಶ್ರಮ 150ರಿಂದ 300 ನಿಮಿಷ. ಒಂದು ಪ್ರಸಂಗ ಹೆಚ್ಚುಕಡಿಮೆ ಒಂದು ವಾರಕ್ಕೆ ಬರುತ್ತದೆ.

ನಿಯಮ ಒಂದೇ, ಸೈಕಲ್ ಮೇಲಲ್ಲದೆ ಕೇಳುವಂತಿಲ್ಲ. ಅಮೆರಿಕದಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದ್ದಾರೆ. ಕುತೂಹಲದ ಆಡಿಯೊ ಪುಸ್ತಕಗಳನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಬಿಟ್ಟರೆ ಜನ ಹೆಚ್ಚು ಸಲ ಬಂದರಂತೆ. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲೇ ಇನ್ನೊಂದು ಮಾತೂ ಇದೆ: ನಡುವೆ ಹಬ್ಬದ ರಜೆ ಬಂದ ಮೇಲೆ ಆ ಉತ್ಸಾಹ ಇಳಿಯಿತು. ನನಗೂ ಚೌತಿ ಹಾಗೇ ಮಾಡಿತು. ಕಡುಬು ತಿಂದು ವಾರ ಕಳೆದರೂ ಹ್ಯಾಂಡಲ್ ಮೇಲಿನ ಬಟ್ಟೆ ಅಲ್ಲೇ ಇತ್ತು.

ಮತ್ತೆ ಹತ್ತಿಸಿದ್ದು ಅಪ್ಪ. ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಾ ಅವರೂ ಕೇಳುತ್ತಿದ್ದರು ಅಂತ ನನಗೆ ಗೊತ್ತಿರಲಿಲ್ಲ. "ಕೌರವನನ್ನು ಸಭೆಯಲ್ಲೇ ಬಿಟ್ಟು ಎಷ್ಟು ದಿನ ಆಯಿತು? ಆ ಕೃಷ್ಣ ಎಂತ ಉತ್ತರ ಕೊಟ್ಟ ಅಂತ ಗೊತ್ತಾಗುವುದು ಬೇಡವಾ?" ಅಂತ ಜಗಳಕ್ಕೇ ಬಂದರು. ಈಗ ಸುಸ್ತಾಗಿ ಅರ್ಧಕ್ಕೆ ಇಳಿಯಲು ಹೋದರೆ ಒಳಗಿನಿಂದ ಕೂಗು: "ಇಳಿಯಬೇಡ, ಪದ್ಯ ಮುಗಿಯಲಿ!" ಬಿಳಿ ಹಲ್ಲಿನವರಿಂದ ಆಗದ ಕೆಲಸ ಇದು.

ಕೊಳ್ಳಬಹುದಾ ಅಂತ ಕೇಳಿದರೆ, ಮಳೆಯ ಊರಿನವರು, ಕಿವಿಗೆ ಏನಾದರೂ ಉದ್ದದ್ದು ಇಟ್ಟುಕೊಂಡವರು ಧಾರಾಳವಾಗಿ ಕೊಳ್ಳಿ. ಹರಿಕಥೆಯಾಗಲಿ, ಕ್ರಿಕೆಟ್ ಕಾಮೆಂಟರಿಯಾಗಲಿ, ನಡೆಯುತ್ತದೆ. ಆ ಪರದೆಯವರೇ ಹುರಿದುಂಬಿಸಬೇಕು ಅನ್ನುವವರು ಬೇರೆ ನೋಡಿ. ಫ್ಲೈವೀಲ್‌ಗೆ ಆಯಸ್ಕಾಂತ ತಾಗುವುದೇ ಇಲ್ಲವಾದ್ದರಿಂದ ಸೈಕಲ್ ಶಬ್ದ ಮಾಡುವುದಿಲ್ಲ, ಎಡ ಪೆಡಲ್ ಬಿಗಿ ಇದ್ದರೆ. ಚೆಂಡೆ ಮಾಡುತ್ತದೆ. ಅಪಾರ್ಟ್‌ಮೆಂಟಿನವರು ಬೆವರು ತಡೆಯುವ ಒಂದು ಇಯರ್‌ಫೋನ್ ಜೊತೆಗೇ ಆರ್ಡರ್ ಮಾಡಿ. ಐದರಲ್ಲಿ ನಾಲ್ಕು ನಕ್ಷತ್ರ. ಕಳೆದದ್ದು ಸೀಟಿಗೆ, ಆ್ಯಪ್ ಅನ್ನು ಲೆಕ್ಕಕ್ಕೇ ಹಿಡಿದಿಲ್ಲ.