ಪಾಪದ ದಾಸತ್ವ, ಬಿಡುಗಡೆ: ಆರು ವಾರದ ಆನ್‌ಲೈನ್ ಬೈಬಲ್ ತರಗತಿ ಹೇಗಿತ್ತು?

ಐದಕ್ಕೆ ಮೂರೂವರೆ ಕೊಡುತ್ತೇನೆ. ಅಂಕ ಕಳೆದದ್ದು ಕೊನೆಯ ವಾರ. ಅದು ಆಮೇಲೆ.

ನನ್ನದು ದೊಡ್ಡ ಪಾಪವೇನಲ್ಲ ಅಂದುಕೊಂಡೇ ಸೇರಿದ್ದೆ. ಸಣ್ಣ ಸಣ್ಣ ಸುಳ್ಳು, ಅಷ್ಟೇ. ಮನೆಯಲ್ಲೇ ಕೂತು 'ದಾರಿಯಲ್ಲಿದ್ದೇನೆ' ಅನ್ನುವುದು. ಓದದೇ ಇದ್ದದ್ದಕ್ಕೆ 'ಓದಿದೆ, ಚೆನ್ನಾಗಿದೆ' ಅನ್ನುವುದು. ಬೇಕೆಂದಾಗ ಬಿಡಬಹುದು, ಅಲ್ವಾ?

ಮೊದಲ ದಿನ ಯೋಹಾನನ ಸುವಾರ್ತೆ 8ನೇ ಅಧ್ಯಾಯ. ಸತ್ಯ ನಿಮ್ಮನ್ನು ಬಿಡಿಸುತ್ತದೆ ಎಂದು ಯೇಸು ಹೇಳುತ್ತಾನೆ. ಕೇಳುವವರು, ನಾವು ಅಬ್ರಹಾಮನ ವಂಶದವರು, ಯಾರಿಗೂ ದಾಸರಾಗಿಲ್ಲ ಅನ್ನುತ್ತಾರೆ. ಬೋಧಕರು ಅಲ್ಲೇ ನಿಲ್ಲಿಸಿ, 'ಐಗುಪ್ತ ಮರೆತುಹೋಯಿತಾ?' ಎಂದರು. ಅವರ ಪೂರ್ವಿಕರು ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸರಾಗಿದ್ದವರೇ ಎಂದು ಬೈಬಲ್ ಹೇಳುತ್ತದಲ್ಲ. ನಾನೂ ನಕ್ಕೆ. ಆಮೇಲೆ ನನ್ನ 'ಬೇಕೆಂದಾಗ ಬಿಡಬಹುದು' ನೆನಪಾಗಿ ಸುಮ್ಮನಾದೆ.

ಎರಡನೇ ವಾರ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ. ದುಡ್ಡು ವಸೂಲಾದದ್ದು ಇಲ್ಲೇ. ಪಾಪ ಕೊಡುವ ಸಂಬಳ ಮರಣ ಅನ್ನುವ ವಚನ ಗೊತ್ತಲ್ಲ, ಅಲ್ಲಿರುವ ಗ್ರೀಕ್ ಪದ 'ಒಪ್ಸೋನಿಯೋನ್'. ಸೈನಿಕನಿಗೆ ಕೊಡುವ ಪಡಿ, ಸಂಬಳ ಎಂದು ಅರ್ಥವಂತೆ. ಅಂದರೆ ಪಾಪ ಯಜಮಾನನ ಹಾಗೆ ದುಡಿಸಿಕೊಳ್ಳುತ್ತದೆ, ಬಟವಾಡೆಯನ್ನೂ ಮಾಡುತ್ತದೆ. ಆದರೆ ದೇವರ ಕಡೆಯಿಂದ ಬರುವುದನ್ನು ಈ ಪತ್ರ ಬರೆದ ಪೌಲ ಸಂಬಳ ಅನ್ನುವುದೇ ಇಲ್ಲ, ಉಚಿತವಾದ ವರ ಅನ್ನುತ್ತಾನೆ.

ಒಂದು ಮಾತ್ರ ನುಂಗಲಾಗಲಿಲ್ಲ. ಪಾಪದಿಂದ ಬಿಡುಗಡೆಯಾದವರು ಈಗ ನೀತಿಗೆ ದಾಸರು ಎಂದೂ ಪೌಲ ಬರೆಯುತ್ತಾನೆ. ಯಜಮಾನ ಬದಲಾದರೆ ಬಿಡುಗಡೆಯಾ? ಕೇಳಿಯೇಬಿಟ್ಟೆ. ಬೋಧಕರು ಮತ್ತೆ ಯೋಹಾನ 8ಕ್ಕೆ ಕರೆದೊಯ್ದರು: ದಾಸ ಮನೆಯಲ್ಲಿ ಸದಾಕಾಲ ಇರುವುದಿಲ್ಲ, ಮಗ ಇರುತ್ತಾನೆ. ಆ ಮಗನೇ ಬಿಡಿಸಿದರೆ ನಿಜವಾಗಿ ಬಿಡುಗಡೆ. ಅರ್ಧ ಒಪ್ಪಿದೆ. 'ದಾಸ' ಅನ್ನುವ ಪದ ಇನ್ನೂ ಚುಚ್ಚುತ್ತದೆ. ಪೌಲನಿಗೂ ಇರಿಸುಮುರಿಸಾಗಿತ್ತೋ ಏನೋ, ನಿಮಗೆ ಅರ್ಥವಾಗಲಿ ಎಂದು ಮನುಷ್ಯರ ರೀತಿಯಲ್ಲಿ ಹೇಳುತ್ತಿದ್ದೇನೆ ಅನ್ನುತ್ತಾನೆ.

ಮೂರನೇ ವಾರ ನಿದ್ದೆ ಹೋಗಿಬಿಟ್ಟೆ. 'ನೆಟ್‌ವರ್ಕ್ ಇರಲಿಲ್ಲ, ರೆಕಾರ್ಡಿಂಗ್ ಕಳಿಸಿ' ಎಂದು ಮೆಸೇಜ್ ಹಾಕಿದೆ. ಯೋಚಿಸುವ ಮೊದಲೇ ಬೆರಳು ಟೈಪ್ ಮಾಡಿತ್ತು. ಬಂದ ಪಾಠ ಅದೇ ಪತ್ರದ 7ನೇ ಅಧ್ಯಾಯದ್ದು: ನನಗೆ ಇಷ್ಟವಿಲ್ಲದ್ದನ್ನೇ ಮಾಡುತ್ತೇನೆ! ಆದರೆ ಇಷ್ಟು ಮುಖ್ಯವಾದ ಅಧ್ಯಾಯಕ್ಕೆ ಇಪ್ಪತ್ತೇ ನಿಮಿಷ. ಅಲ್ಲಿ ಮಾತಾಡುವ 'ನಾನು' ವಿಶ್ವಾಸಿಯೋ, ಇನ್ನೂ ನಂಬದವನೋ? ಈ ಬಗ್ಗೆ ಪ್ರಾಚೀನ ಕ್ರೈಸ್ತ ಚಿಂತಕ ಅಗಸ್ಟೀನನೇ ಅಭಿಪ್ರಾಯ ಬದಲಿಸಿದ್ದ. ಅದಕ್ಕೆ ಸಿಕ್ಕಿದ್ದು ಒಂದೇ ವಾಕ್ಯ.

ನಾಲ್ಕು, ಐದು ಪರವಾಗಿಲ್ಲ. ಹಿಂದಿನದನ್ನೇ ಮತ್ತೆ ತಿರುವಿಹಾಕಿದ್ದು ಜಾಸ್ತಿ.

ಕೊನೆಯ ವಾರ ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯ. ದಾಸತ್ವದ ನೊಗಕ್ಕೆ ಮತ್ತೆ ಸಿಕ್ಕಬೇಡಿ ಎಂದು ಓದಿಸಿದರು. ಅದೇ ಗಂಟೆಯಲ್ಲಿ ಹತ್ತು ನಿಯಮಗಳ ಚಾರ್ಟ್ ಹಂಚಿದರು, ದಿನಾ ಟಿಕ್ ಹಾಕಬೇಕಂತೆ! ನಿಯಮ ಬಿಡಿಸುವುದಿಲ್ಲ, ಕ್ರಿಸ್ತ ಬಿಡಿಸುತ್ತಾನೆ ಎಂದು ಐದು ವಾರ ಹೇಳಿ ಹೀಗಾ? ನಾನು ಮೂರು ದಿನದ ಟಿಕ್ ಒಟ್ಟಿಗೆ ಹಾಕಿದೆ. ಅದರಲ್ಲಿ ಎರಡು ದಿನದ್ದು ಸುಳ್ಳು.

ಎಲ್ಲರೆದುರು ಪಾಪ ಒಪ್ಪಿಕೊಳ್ಳಿ ಎಂದು ಯಾರೂ ಒತ್ತಾಯಿಸುವುದಿಲ್ಲ, ಅದು ಹಿಡಿಸಿತು. ರೆಕಾರ್ಡಿಂಗ್ ಒಂದೇ ವಾರ ಇರುತ್ತದೆ, ಬೇಗ ನೋಡಿ. ಚಾರ್ಟ್ ವಾಪಸ್ ಕೊಡುವಾಗ ಬೋಧಕರಿಗೆ ನಿದ್ದೆಯ ವಿಷಯವನ್ನೂ ಹೇಳಿದೆ. 'ಅವತ್ತೇ ಗೊತ್ತಾಗಿತ್ತು' ಎಂದರು.